ಕೋಟೆಯಿಂದ ಮಾರಿಕಣಿವೆಗೆ: ಕಾರಿನಲ್ಲಿ ಕ್ಯಾಮೆರಾ ಬ್ಯಾಗ್ ಎಲ್ಲಿಡಬೇಕು, ಹೇಗಿಡಬೇಕು?

ಚಿತ್ರದುರ್ಗಕ್ಕೆ ಫೋಟೊ ತೆಗೆಯಲು ಬರುವವರ ದಿನ ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಬೆಳಗಿನ ಬೆಳಕಿಗೆ ಕೋಟೆ. ಇಳಿದು ಬಂದು ತಿಂಡಿ. ಆಮೇಲೆ ಚಂದ್ರವಳ್ಳಿ. ಬಿಸಿಲು ಇಳಿಯುವ ಹೊತ್ತಿಗೆ ಹಿರಿಯೂರಿನ ಕಡೆ ಹೊರಟು, ವೇದಾವತಿ ನದಿಗೆ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಅಣೆಕಟ್ಟೆಯ, ಅಂದರೆ ವಾಣಿವಿಲಾಸ ಸಾಗರದ ದಂಡೆಯಲ್ಲಿ ಸಂಜೆ. ನಡುವೆ ಗಾಳಿಯಂತ್ರದ ಸಾಲೋ ಸೂರ್ಯಕಾಂತಿ ಹೊಲವೋ ಕಂಡರೆ ಅಲ್ಲೊಂದು ಸಲ ಬ್ರೇಕ್. ದಾವಣಗೆರೆಯಿಂದ ಹೊರಟವರಿಗೆ ಸಂತೇಬೆನ್ನೂರಿನ ಪುಷ್ಕರಣಿ, ಸೂಳೆಕೆರೆ, ಹರಿಹರದ ದೇವಸ್ಥಾನ.

ಇಷ್ಟು ಓಡಾಟದಲ್ಲಿ ಕ್ಯಾಮೆರಾ ನಮ್ಮ ಕೈಯಲ್ಲಿರುವುದಕ್ಕಿಂತ ಕಾರಿನಲ್ಲಿರುವುದೇ ಜಾಸ್ತಿ. ಆದರೆ ಕೋಟೆ ಹತ್ತುವಾಗ ಮಗುವಿನ ಹಾಗೆ ಎದೆಗವಚಿಕೊಂಡ ಅದೇ ಕ್ಯಾಮೆರಾವನ್ನು ಕಾರು ಹತ್ತಿದ ಕೂಡಲೇ ಪಕ್ಕದ ಸೀಟಿಗೆ ಎಸೆದುಬಿಡುತ್ತೇವೆ. ಲೆನ್ಸ್ ಕೆಡುವುದು, ಬ್ಯಾಟರಿ ಉಬ್ಬುವುದು, ಬ್ಯಾಗ್ ಕಳುವಾಗುವುದು ಬಹಳ ಸಲ ಆಗುವುದು ಈ ಎರಡು ಜಾಗಗಳ ನಡುವಿನ ಹೊತ್ತಿನಲ್ಲೇ. ದುಬಾರಿ ಸಾಮಾನು ಕೊಳ್ಳದೆಯೇ ಇದನ್ನೆಲ್ಲ ತಡೆಯಬಹುದು.

ಹಿಂದಿನ ರಾತ್ರಿ: ಸಾಮಾನು ಕಡಿಮೆ ಮಾಡಿ

ಇರುವ ಲೆನ್ಸನ್ನೆಲ್ಲ ತುಂಬಿಕೊಂಡು ಹೊರಡಬೇಡಿ. ಎಲ್ಲೆಲ್ಲಿ ಏನು ತೆಗೆಯುತ್ತೀರಿ ಅಂತ ಒಮ್ಮೆ ಯೋಚಿಸಿ. ಕೋಟೆಯಲ್ಲಿ ಬಂಡೆ, ಬಾಗಿಲು, ಸುತ್ತುಗೋಡೆಗಳಿಗೆ ಅಗಲ ದೃಶ್ಯ ಹಿಡಿಯುವ ಒಂದು ವೈಡ್ ಲೆನ್ಸ್, ಒಂದು ಸಾಧಾರಣ ಜೂಮ್ ಸಾಕು. ಪಕ್ಷಿಗಳ ಆಸೆ ಇದ್ದರೆ ಮಾತ್ರ ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್. ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಟ್ರೈಪಾಡ್ ನಿಲ್ಲಿಸಿ ತೆಗೆಯಬೇಕೆಂದರೆ ಮೊದಲೇ ಅನುಮತಿ ಪಡೆಯಬೇಕು. ಅನುಮತಿ ಇಲ್ಲ ಅಂದರೆ ಅದು ಕಾರಿನಲ್ಲೇ ಉಳಿಯುವ ಸಾಮಾನು ಅಂತ ಲೆಕ್ಕ ಹಾಕಿಕೊಳ್ಳಿ.

ಪ್ಯಾಕ್ ಮಾಡುವಾಗ ಎರಡು ಭಾಗ ಮಾಡಿ. ಒಂದು, ಪ್ರತಿ ಜಾಗದಲ್ಲೂ ನಿಮ್ಮ ಜೊತೆ ಇಳಿಯುವ ಬ್ಯಾಗ್: ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಲೆನ್ಸ್, ಬ್ಯಾಟರಿ, ಕಾರ್ಡ್. ಇನ್ನೊಂದು, ಬಿಸಿಲು ತಡೆಯುವ, ಹೋದರೂ ಎದೆ ಒಡೆಯದ ಸಾಮಾನು: ಟ್ರೈಪಾಡ್, ಮಳೆ ಕವರ್, ರಿಫ್ಲೆಕ್ಟರ್. ಎರಡನೆಯದು ಮಾತ್ರ ಡಿಕ್ಕಿಗೆ. ಮುಂದೆ ಹೇಳುವ ಅರ್ಧ ತಾಪತ್ರಯ ಇಲ್ಲಿಗೇ ಮುಗಿಯುತ್ತದೆ.

ಬಾಡಿಯ ತಳದಲ್ಲಿರುವ ಸೀರಿಯಲ್ ನಂಬರ್, ಲೆನ್ಸಿನ ನಂಬರ್, ಬಿಲ್ಲು, ಮೂರರದ್ದೂ ಫೋಟೊ ತೆಗೆದು ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ. ಕಳುವಾದರೆ ಪೊಲೀಸರಿಗೆ ದೂರು ಕೊಡುವಾಗ ಬೇಕಾಗುವುದು ಇದೇ. ಕಾರಿನ ಸಾಮಾನ್ಯ ವಿಮೆ ಕಾರಿಗಷ್ಟೇ, ಒಳಗಿಟ್ಟ ಕ್ಯಾಮೆರಾಕ್ಕೆ ಅನ್ವಯಿಸುವುದಿಲ್ಲ. ಕ್ಯಾಮೆರಾದಿಂದಲೇ ಹೊಟ್ಟೆ ಹೊರೆಯುವ ಮದುವೆ ಫೋಟೊಗ್ರಾಫರುಗಳು ಅದಕ್ಕೆ ಬೇರೆ ಪಾಲಿಸಿ ಮಾಡಿಸುವುದು ಒಳ್ಳೆಯದು. ಬೀಗ ಹಾಕಿದ ಕಾರಿನಿಂದ ಕದ್ದರೆ ದುಡ್ಡು ಕೊಡುತ್ತಾರಾ, ಏನು ಷರತ್ತು ಅಂತ ಸಹಿ ಹಾಕುವ ಮುಂಚೆಯೇ ಕೇಳಿ.

ಬ್ಯಾಗಿನ ಜಾಗ: ಎಡಗಡೆ ಮುಂದಿನ ಸೀಟಿನ ಹಿಂದೆ, ಕೆಳಗೆ

ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಕ್ಯಾಮೆರಾ ಬ್ಯಾಗಿಗೆ ಕಾರಿನಲ್ಲಿ ಒಳ್ಳೆಯ ಜಾಗ ಎಡಗಡೆ ಮುಂದಿನ ಸೀಟಿನ ಹಿಂದೆ, ಹಿಂದೆ ಕೂತವರು ಕಾಲಿಡುವ ನೆಲ.

ಮೊದಲನೆಯ ಕಾರಣ, ಅಲ್ಲಿಂದ ಅದು ಬೀಳಲು ಜಾಗವೇ ಇಲ್ಲ. ಸೀಟಿನ ಮೇಲಿಟ್ಟ ಬ್ಯಾಗ್ ಜೋರು ಬ್ರೇಕಿಗೆ ಮುಂದೆ ಹಾರುತ್ತದೆ. ಕಾರು ನಿಂತರೂ ಬ್ಯಾಗ್ ಮಾತ್ರ ಕಾರಿನ ವೇಗದಲ್ಲೇ ಮುಂದೆ ಹೋಗುತ್ತಿರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದ ಕಾರು ಏನಕ್ಕಾದರೂ ಬಡಿದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅಂದುಕೊಳ್ಳಿ. ಆಗ 6 ಕಿಲೊ ಬ್ಯಾಗಿನ ಹೊಡೆತ ಸುಮಾರು 100 ಕಿಲೊ ಭಾರಕ್ಕೆ ಸಮ. ಅದು ಮುಂದೆ ಕೂತವರ ತಲೆಗೆ ಬೀಳಬಹುದು. ಕ್ಯಾಮೆರಾ ಉಳಿಯುತ್ತದೋ ಇಲ್ಲವೋ, ಮನುಷ್ಯರು ಉಳಿಯಬೇಕಲ್ವಾ?

ಎರಡನೆಯದು ಅಲುಗಾಟ. ಕಾರಿನಲ್ಲಿ ಕುಲುಕಾಟ ಜಾಸ್ತಿ ಇರುವುದು ಹಿಂದಿನ ಗಾಲಿಗಳ ಮೇಲೆ ಮತ್ತು ಅದರ ಹಿಂದೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಹಳ್ಳಿ ರಸ್ತೆಯಲ್ಲಿ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಗಾಲಿಗಳ ನಡುವೆ ಕುಲುಕಾಟ ಕಡಿಮೆ. ದಿನಗಟ್ಟಲೆ ಕುಲುಕಿದರೆ ಲೆನ್ಸಿನ ಸಣ್ಣ ಸ್ಕ್ರೂಗಳು ಸಡಿಲವಾಗುತ್ತವೆ.

ಮೂರನೆಯದನ್ನು ಯಾರೂ ಯೋಚಿಸುವುದೇ ಇಲ್ಲ. ನಾವು ಗಾಡಿ ಓಡಿಸುವುದು ರಸ್ತೆಯ ಎಡಕ್ಕೆ, ನಿಲ್ಲಿಸುವುದೂ ಎಡಕ್ಕೆ. ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದಲ್ಲಿ ಕಾರು ನಿಲ್ಲಿಸಿ ಬಲಗಡೆ ಬಾಗಿಲು ತೆಗೆದರೆ ಲಾರಿಗಳು ಮೈಗೆ ಉಜ್ಜಿಕೊಂಡೇ ಹೋಗುತ್ತವೆ. ಬ್ಯಾಗ್ ಎಡಗಡೆ ಇದ್ದರೆ ಎಡ ಬಾಗಿಲಿನಿಂದ, ಮಣ್ಣಿನ ಮೇಲೆ ನಿಂತೇ, ನಿಧಾನವಾಗಿ ತೆಗೆದುಕೊಳ್ಳಬಹುದು.

ಇಡುವ ರೀತಿ ಹೀಗೆ. ಮುಂದಿನ ಸೀಟನ್ನು ಸ್ವಲ್ಪ ಮುಂದೆ ಸರಿಸಿ. ನೆಲಕ್ಕೆ ಕಂಬಳಿ ಮಡಚಿ ಹಾಸಿ. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯದು ಬೇಡ. ಕುಲುಕಾಟವನ್ನೂ ತಡೆಯುತ್ತದೆ, ಕಾರಿನ ತಳದಿಂದ ಬರುವ ಶಾಖವನ್ನೂ ತಡೆಯುತ್ತದೆ. ಕಂಬಳಿಯ ನೂಲು ಉದುರುತ್ತದೆ, ಹಾಗಾಗಿ ಹಳೆ ಪಂಚೆಯಲ್ಲಿ ಸುತ್ತಿ ಹಾಸಿ. ಅದರ ಮೇಲೆ ಬ್ಯಾಗನ್ನು ಚಪ್ಪಟೆಯಾಗಿ ಮಲಗಿಸಿ. ಆಮೇಲೆ ಮುಂದಿನ ಸೀಟನ್ನು ಹಿಂದಕ್ಕೆ ತಂದು ಬ್ಯಾಗಿಗೆ ತಾಗಿದ ಕೂಡಲೇ ನಿಲ್ಲಿಸಿ. ಒತ್ತಬಾರದು, ಅಲುಗಾಡದಂತೆ ಹಿಡಿದರೆ ಸಾಕು. ಕೈಯಲ್ಲಿ ಅಲ್ಲಾಡಿಸಿ ನೋಡಿ.

ಹಿಂದೆ ಜನ ಕೂತಿದ್ದರೆ? ಬ್ಯಾಗನ್ನು ಸೀಟಿನ ಮೇಲಿಟ್ಟು, ಸೀಟ್ ಬೆಲ್ಟನ್ನು ಬ್ಯಾಗಿನ ಹಿಡಿಯೊಳಗಿಂದ ಮತ್ತು ಒಂದು ಹೆಗಲ ಪಟ್ಟಿಯೊಳಗಿಂದ ತೂರಿಸಿ ಸಿಕ್ಕಿಸಿ, ಬಿಗಿಯಾಗಿ ಎಳೆಯಿರಿ. ಅದೂ ಆಗದಿದ್ದರೆ ಡಿಕ್ಕಿ. ಅಲ್ಲಿಯೂ ಹಿಂದಿನ ಸೀಟಿನ ಬೆನ್ನಿಗೆ ಒರಗಿಸಿಯೇ ಇಡಬೇಕು. ಹಿಂಬದಿ ಗಾಜಿನ ಕೆಳಗಿನ ತಟ್ಟೆಯ ಮೇಲೆ ಏನನ್ನೂ ಇಡಬೇಡಿ.

ಮುಂದೆ ಕೂತವರು ಕ್ಯಾಮೆರಾವನ್ನು ತೊಡೆ ಮೇಲೆ ಇಟ್ಟುಕೊಳ್ಳುವುದು, ಕುತ್ತಿಗೆಗೆ ನೇತುಹಾಕಿಕೊಳ್ಳುವುದು ತುಂಬಾ ಅಪಾಯ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಆ ಕ್ಯಾಮೆರಾ ನೇರ ಎದೆಗೋ ಮುಖಕ್ಕೋ ಬಡಿಯುತ್ತದೆ. ಡ್ರೈವರ್ ಕಾಲ ಬಳಿ ಉರುಳುವಂಥದ್ದು ಏನೂ ಇರಬಾರದು. ಲೆನ್ಸ್ ಆಗಲಿ, ನೀರಿನ ಬಾಟಲಿ ಆಗಲಿ, ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಕಾರು ನಿಲ್ಲುವುದಿಲ್ಲ.

ಬ್ಯಾಗಿನ ಒಳಗೆ

ಭಾರದ ಟೆಲಿ ಲೆನ್ಸನ್ನು ಬಾಡಿಯಿಂದ ಬಿಚ್ಚಿ ಇಡಿ. ಕೂಡಿಸಿಯೇ ಇಟ್ಟರೆ ಹಂಪಿನಲ್ಲಿ ಎತ್ತಿಹಾಕಿದಾಗಲೆಲ್ಲ ಭಾರವೆಲ್ಲ ಬೀಳುವುದು ಎರಡೂ ಸೇರುವ ಉಂಗುರದ ಮೇಲೆ. ಸಣ್ಣ ಲೆನ್ಸ್ ಆದರೆ ಬಾಡಿಯಲ್ಲೇ ಇರಲಿ, ಪದೇ ಪದೇ ಬಿಚ್ಚುವುದೂ ಧೂಳಿಗೆ ದಾರಿ. ಒಂದು ಗೂಡಿನಲ್ಲಿ ಒಂದೇ ವಸ್ತು. ಖಾಲಿ ಉಳಿದ ಕಡೆ ಮೆತ್ತನೆ ಬಟ್ಟೆ ತುರುಕಿ. ಕ್ಯಾಮೆರಾ ಆಫ್ ಮಾಡಿ. ಲೆನ್ಸ್ ಮುಚ್ಚಳ ಹಾಕಲೇಬೇಕು. ಸೀಟಿನ ಮೇಲೆ ಮುಚ್ಚಳವಿಲ್ಲದ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಸೂರ್ಯನ ಕಡೆ ಮುಖ ಮಾಡಿ ಬಿದ್ದಿದ್ದರೆ, ಭೂತಗನ್ನಡಿಯಲ್ಲಿ ಕಾಗದ ಸುಟ್ಟ ಹಾಗೆ ಒಳಗಿನ ಸೆನ್ಸರ್ ಅಥವಾ ಶಟರ್ ಸುಟ್ಟುಹೋಗಬಹುದು.

ಬಿಡಿ ಬ್ಯಾಟರಿಗಳಿಗೆ ಅವುಗಳ ಪ್ಲಾಸ್ಟಿಕ್ ಟೋಪಿ ಹಾಕಿ. ಕೀ ಗೊಂಚಲು, ಚಿಲ್ಲರೆ ಕಾಸು ಜೊತೆಗಿರಬಾರದು. ಆ ಬ್ಯಾಗಿನಲ್ಲಿ ತಿಂಡಿ, ನೀರು ಎರಡೂ ಬೇಡ. ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿಂದು, ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಹೊರಡದವರು ಯಾರು? ಕೈಯನ್ನು ಸೋಪು ಹಾಕಿ ತೊಳೆದು ಒರೆಸಿಕೊಂಡು ಆಮೇಲೆ ಕ್ಯಾಮೆರಾ ಮುಟ್ಟಿ. ಬೆಣ್ಣೆಯ ಬೆರಳು ಲೆನ್ಸಿನ ಗಾಜಿಗೆ ತಾಗಿದರೆ ಒಣಬಟ್ಟೆಗೆ ಹೋಗುವುದಿಲ್ಲ, ಒರೆಸಿದಷ್ಟೂ ಹರಡುತ್ತದೆ.

ದಾರಿಯಲ್ಲಿ ನಿಲ್ಲಿಸುವಾಗ

ಲೆನ್ಸ್ ಕೆಳಗೆ ಬಿದ್ದು ಒಡೆಯುವುದು ಸಾಮಾನ್ಯವಾಗಿ ಅವಸರದಲ್ಲಿ. ಒಳ್ಳೆಯ ಬೆಳಕು ಕಂಡಿತು, ಸರಕ್ಕನೆ ನಿಲ್ಲಿಸಿದಿರಿ, ಜಿಪ್ ತೆಗೆದು ಕ್ಯಾಮೆರಾ ಎತ್ತಿಕೊಂಡು ಓಡಿದಿರಿ. ವಾಪಸ್ ಬಂದು ಬ್ಯಾಗ್ ಎತ್ತಿದರೆ ತೆರೆದ ಜಿಪ್ಪಿನಿಂದ ಲೆನ್ಸ್ ಡಾಂಬರಿನ ಮೇಲೆ. ಇದಕ್ಕೆ ಮದ್ದು ಒಂದೇ: ಏನನ್ನು ತೆಗೆದುಕೊಂಡರೂ ಮರುಕ್ಷಣ ಜಿಪ್ ಎಳೆಯುವ ಅಭ್ಯಾಸ. ಕಾರಿನ ಮೇಲ್ಛಾವಣಿ, ಬಾನೆಟ್ಟಿನ ಮೇಲೆ ಏನನ್ನೂ ಇಡಬೇಡಿ, ಒಂದು ನಿಮಿಷಕ್ಕೂ ಬೇಡ.

ಹೆದ್ದಾರಿಯಲ್ಲಿ ಹೊಲ ಕಂಡ ಕೂಡಲೇ ನಿಲ್ಲಿಸಬೇಡಿ. ಮುಂದೆ ಹೋಗಿ, ಸರ್ವಿಸ್ ರಸ್ತೆಗೋ ಹಳ್ಳಿ ದಾರಿಗೋ ಇಳಿದು, ನಡೆದು ಬನ್ನಿ. ಗಾಳಿಯಂತ್ರದ ಗುಡ್ಡಗಳಲ್ಲಿ ಇನ್ನೊಂದು ಎಚ್ಚರ ಬೇಕು. ಗಾಳಿ ಜೋರಾಗಿರುತ್ತದೆ ಅಂತಲೇ ಅಲ್ಲಿ ಯಂತ್ರ ನಿಲ್ಲಿಸಿರುವುದು. ನೀವು ತೆಗೆಯುವ ಬಾಗಿಲು ಗಾಳಿಗೆ ಮರೆಯಾಗುವಂತೆ ಕಾರು ನಿಲ್ಲಿಸಿ. ಲೆನ್ಸ್ ಬದಲಿಸುವುದಿದ್ದರೆ ಕಾರಿನೊಳಗೆ ಕೂತು, ಗಾಜು ಏರಿಸಿ, ಎಸಿಯ ಫ್ಯಾನ್ ನಿಲ್ಲಿಸಿ, ಧೂಳು ಕೂರಲು ಒಂದು ನಿಮಿಷ ಬಿಟ್ಟು, ಬಾಡಿಯ ಬಾಯಿ ಕೆಳಗೆ ಮಾಡಿ ಬದಲಿಸಿ. ಎರೆಹೊಲದ ಪಕ್ಕ ಬಯಲಲ್ಲಿ ನಿಂತು ಬದಲಿಸಿದರೆ ಮನೆಗೆ ಬಂದು ಪ್ರತಿ ಫೋಟೊದ ಆಕಾಶದಲ್ಲೂ ಕಪ್ಪು ಚುಕ್ಕಿ ಒರೆಸುತ್ತಾ ಕೂರಬೇಕಾಗುತ್ತದೆ.

ಬಿಸಿಲು

ನಮ್ಮ ಕಡೆ ಕಳ್ಳರಿಗಿಂತ ದೊಡ್ಡ ಶತ್ರು ಬಿಸಿಲು. ಬಹುತೇಕ ಕ್ಯಾಮೆರಾಗಳನ್ನು ಬಳಸಬಹುದಾದ ಉಷ್ಣಾಂಶ 0ಯಿಂದ 40 ಡಿಗ್ರಿ ಅಂತ ಕೈಪಿಡಿಯಲ್ಲೇ ಬರೆದಿರುತ್ತದೆ. ಹೊರಗೆ 35 ಡಿಗ್ರಿ ಇದ್ದಾಗ ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಒಂದು ಗಂಟೆಯಲ್ಲಿ 50 ದಾಟುತ್ತದೆ. ಅದರಲ್ಲಿ ಹೆಚ್ಚಿನ ಏರಿಕೆ ಮೊದಲ ಅರ್ಧ ಗಂಟೆಯಲ್ಲೇ ಆಗಿಹೋಗುತ್ತದೆ. ಹಾಗಾಗಿ ‘ಸುಮ್ನೆ ಇಪ್ಪತ್ತು ನಿಮಿಷ ಊಟ ಮಾಡಿ ಬರ್ತೀವಿ’ ಅನ್ನುವ ಸಮಾಧಾನ ಬೇಡ. ಗಾಜನ್ನು ಒಂದಿಷ್ಟು ಇಳಿಸಿಟ್ಟರೂ ದೊಡ್ಡ ವ್ಯತ್ಯಾಸ ಆಗುವುದಿಲ್ಲ.

ಆ ಶಾಖಕ್ಕೆ ಲೆನ್ಸಿನೊಳಗಿನ ಗ್ರೀಸ್ ತೆಳುವಾಗಿ, ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಬ್ಲೇಡುಗಳ ಮೇಲೆ ಹರಿಯಬಹುದು. ಹಿಡಿಯ ರಬ್ಬರ್ ಅಂಟು ಬಿಡುತ್ತದೆ. ಲಿಥಿಯಂ ಬ್ಯಾಟರಿಯ ಶಕ್ತಿ ಶಾಶ್ವತವಾಗಿ ಕುಗ್ಗುತ್ತದೆ, ಕೆಲವೊಮ್ಮೆ ಉಬ್ಬಿ ಕ್ಯಾಮೆರಾದೊಳಗೇ ಸಿಕ್ಕಿಕೊಳ್ಳುತ್ತದೆ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಲೇಬೇಡಿ.

ಆದ್ದರಿಂದ ಊಟಕ್ಕೆ ಇಳಿದರೂ ಕ್ಯಾಮೆರಾ ಬ್ಯಾಗ್ ಹೆಗಲಿಗೆ. ಬಿಟ್ಟು ಹೋಗಲೇಬೇಕಾದ ಲೆನ್ಸ್ ಇದ್ದರೆ ಐಸ್ ಬಾಕ್ಸಿನಲ್ಲಿ ಇಡಿ, ಐಸ್ ಹಾಕದೆ. ಐಸ್ ಕರಗಿ ಒಳಗೆ ತೇವ ಕೂರುತ್ತದೆ. ಬರೀ ಡಬ್ಬಿಯ ದಪ್ಪ ಗೋಡೆಯೇ ಶಾಖವನ್ನು ತುಂಬಾ ಹೊತ್ತು ತಡೆಯುತ್ತದೆ. ಬೆಳಿಗ್ಗೆ ತಂಪಿರುವಾಗಲೇ ತುಂಬಿ ಮುಚ್ಚಿ, ಮೇಲೆ ಕಂಬಳಿ ಹೊದಿಸಿ. ಬ್ಯಾಟರಿಗಳನ್ನು ಮಾತ್ರ ಜೊತೆಗೆ ಒಯ್ಯಿರಿ. ಸೆಡಾನ್ ಕಾರಿನ ಮುಚ್ಚಿದ ಡಿಕ್ಕಿಗೆ ಬಿಸಿಲು ನೇರ ಬೀಳುವುದಿಲ್ಲ, ಹ್ಯಾಚ್‌ಬ್ಯಾಕಿನಲ್ಲಿ ಹಿಂಬದಿ ಗಾಜಿನಿಂದ ಬೀಳುತ್ತದೆ. ನೆರಳು ನೋಡಿ ನಿಲ್ಲಿಸುವಾಗ ಒಂದು ಗಂಟೆ ಬಿಟ್ಟು ಆ ನೆರಳು ಎಲ್ಲಿಗೆ ಸರಿಯುತ್ತದೆ ಅಂತಲೂ ನೋಡಿ. ಬಾಡಿಗೆ ಕಾರಾದರೆ ಇಳಿಯುವಾಗಲೇ ಡ್ರೈವರಿಗೆ ಹೇಳಿ: ‘ಅಣ್ಣಾ, ನೆರಳಲ್ಲೇ ನಿಲ್ಸಿ. ಎಲ್ಲಿಗಾದರೂ ಹೋಗೋದಿದ್ರೆ ಒಂದು ಫೋನ್ ಮಾಡಿ, ಬ್ಯಾಗ್ ತಗೋತೀನಿ.’

ಕ್ಯಾಮೆರಾ ಕಾದಿದೆ ಅನಿಸಿದರೆ ಎಸಿ ಗಾಳಿಗೆ ಹಿಡಿಯಬೇಡಿ. ಬ್ಯಾಟರಿ ತೆಗೆದು ನೆರಳಲ್ಲಿ ತಾನಾಗಿ ಆರಲು ಬಿಡಿ.

ತಂಪಿನಿಂದಲೂ ತೊಂದರೆ ಇದೆ. ಮಳೆಗಾಲದಲ್ಲಿ ಎಸಿ ಕಾರಿನಿಂದ ಇಳಿದು ಜೋಗಿಮಟ್ಟಿಯ ಮೇಲೋ ವಾಣಿವಿಲಾಸದ ದಂಡೆಯಲ್ಲೋ ಕ್ಯಾಮೆರಾ ತೆಗೆದರೆ ಗಾಜಿಗೆಲ್ಲ ಮಂಜು ಕವಿಯುತ್ತದೆ. ಜಾಗ ಇನ್ನು ಕಾಲು ಗಂಟೆ ಇದೆ ಅನ್ನುವಾಗ ಎಸಿ ಆಫ್ ಮಾಡಿ, ಕಿಟಕಿ ತೆಗೆಯಿರಿ. ಬ್ಯಾಗಿನ ಜಿಪ್ ಮುಚ್ಚಿಯೇ ಇರಲಿ, ಒಳಗಿನದು ನಿಧಾನವಾಗಿ ಹೊರಗಿನ ಶಾಖಕ್ಕೆ ಬರಲಿ. ಮಂಜು ಕವಿದಿದ್ದರೆ ಅದು ಹೋಗುವ ತನಕ ಲೆನ್ಸ್ ಬಿಚ್ಚಬೇಡಿ.

ಕಳ್ಳರು, ಕೋತಿಗಳು

ಪಾರ್ಕಿಂಗಿನಲ್ಲಿ ನಿಂತು ಡಿಕ್ಕಿ ತೆಗೆದು, ಬ್ಯಾಗನ್ನು ಸೀಟಿನಿಂದ ಅಲ್ಲಿಗೆ ಸಾಗಿಸುವುದು ನೋಡುವವರಿಗೆ ದಾರಿ ತೋರಿಸಿದ ಹಾಗೆ. ಡಿಕ್ಕಿಗೆ ಹೋಗಬೇಕಾದ್ದು ಹಿಂದಿನ ಜಾಗದಲ್ಲೋ ಪೆಟ್ರೋಲ್ ಬಂಕಿನಲ್ಲೋ ಆಗಲೇ ಹೋಗಿರಬೇಕು. ಕೋಟೆ ಮುಂದೆ ಬಂದ ಮೇಲೆ ಇಳಿದು, ಬೀಗ ಹಾಕಿ, ನಡೆದುಬಿಡಿ. ರಿಮೋಟ್ ಒತ್ತಿದರೆ ಸಾಲದು, ಬಾಗಿಲ ಹಿಡಿ ಎಳೆದು ನೋಡಿ. ಕಂಪನಿ ಹೆಸರು ದೊಡ್ಡದಾಗಿ ಬರೆದ ಕ್ಯಾಮೆರಾ ಪಟ್ಟಿ, ಚಾರ್ಜರ್ ವೈರು ಹೊರಗೆ ಕಾಣಬಾರದು. ತೆಗೆದ ಫೋಟೊಗಳ ಕಾರ್ಡನ್ನು ಕ್ಯಾಮೆರಾದಿಂದ ತೆಗೆದು ಜೇಬಿನಲ್ಲಿಡಿ. ಕ್ಯಾಮೆರಾ ಮತ್ತೊಂದು ಕೊಳ್ಳಬಹುದು, ಆ ಬೆಳಗಿನ ಫೋಟೊ ಮತ್ತೆ ಸಿಗುವುದಿಲ್ಲ.

ಕೋಟೆಯಲ್ಲೂ ಚಂದ್ರವಳ್ಳಿಯಲ್ಲೂ ಕೋತಿಗಳು ಇವೆ. ಕಿಟಕಿ ಪೂರ್ತಿ ಏರಿಸಿ. ಸೀಟಿನ ಮೇಲೆ ಬಿಸ್ಕತ್ತು, ಬಾಳೆಹಣ್ಣು ಕಾಣುವಂತೆ ಬಿಡಬೇಡಿ. ಬಾಗಿಲು ತೆರೆದಿಟ್ಟು ಆ ಕಡೆ ತಿರುಗಿ ಲೆನ್ಸ್ ಹಾಕಬೇಡಿ. ಕೋತಿಗೆ ಕ್ಯಾಮೆರಾ ಬ್ಯಾಗೂ ಒಂದೇ, ತಿಂಡಿ ಚೀಲವೂ ಒಂದೇ.

ಮನೆಗೆ ಬಂದ ಮೇಲೆ

ಎಷ್ಟೇ ಸುಸ್ತಾಗಿದ್ದರೂ ಬ್ಯಾಗನ್ನು ರಾತ್ರಿ ಕಾರಿನಲ್ಲಿ ಬಿಡಬೇಡಿ. ಒಳಗೆ ತಂದು, ಎಲ್ಲ ಹೊರತೆಗೆದು, ಬ್ಯಾಗನ್ನು ತಲೆಕೆಳಗೆ ಮಾಡಿ ಕೊಡವಿ. ಮೂಲೆಯಲ್ಲಿ ಕೂತ ಮರಳಿನ ಕಣ ಮುಂದಿನ ಸಲ ಗಾಜಿಗೆ ಗೀರು ಹಾಕುತ್ತದೆ. ಮಳೆಗೆ ಸಿಕ್ಕಿದ ಬ್ಯಾಗ್ ಪೂರ್ತಿ ಒಣಗದೆ ಲೆನ್ಸ್ ವಾಪಸ್ ಇಡಬೇಡಿ, ಫಂಗಸ್ ಹಿಡಿಯುವುದು ಹಾಗೆಯೇ. ಸಿಲಿಕಾ ಜೆಲ್ ಪೊಟ್ಟಣ ಇಟ್ಟಿದ್ದರೆ ಬಣ್ಣ ನೋಡಿ. ನೀಲಿ ಹರಳು ಗುಲಾಬಿಗೆ ತಿರುಗಿದ್ದರೆ ಅದು ಇನ್ನು ತೇವ ಹೀರುವುದಿಲ್ಲ, ಬದಲಾಯಿಸಿ.