ಐದು ಟಿಕೆಟ್, ಒಂದು ಕೊನೆಯ ಬಸ್ಸು

ನೇರ ಬಸ್ಸಿನ ದರ ಕೇಳಿ ಹಿಂಜರಿದವನು ನಾನು. ಅದೇ ದಾರಿಯಲ್ಲಿ ಊರೂರಿಗೆ ನಿಲ್ಲುತ್ತ ಹೋಗುವ ಸಾಧಾರಣ ಬಸ್ಸುಗಳಿದ್ದವು. ಒಂದರಿಂದ ಇಳಿದು ಇನ್ನೊಂದು ಹತ್ತುತ್ತ ಹೋದರೆ ಅಗ್ಗ ಎಂದುಕೊಂಡು 300 ಕಿಲೋಮೀಟರಿನ ದಾರಿಯನ್ನು ಐದು ತುಂಡು ಮಾಡಿದೆ. ಊರು ಮುಟ್ಟಿದ ಮೇಲೆ ಜೇಬಿನಿಂದ ಐದೂ ಟಿಕೆಟ್ ತೆಗೆದು ಕೂಡಿಸಿದರೆ, ಉಳಿದದ್ದು ನಾನೆಣಿಸಿದ್ದರ ಅರ್ಧವೂ ಇರಲಿಲ್ಲ.

ಕಾರಣ ಆಮೇಲೆ ಹೊಳೆಯಿತು. ನಾನು ಹತ್ತಿದ ಬಸ್ಸುಗಳಲ್ಲಿ ದರ ಸ್ಟೇಜಿನ ಲೆಕ್ಕದ್ದು, ಅಂದರೆ ದರ ಕಟ್ಟಲೆಂದು ದಾರಿಯುದ್ದಕ್ಕೂ ಗೊತ್ತುಮಾಡಿದ ಜಾಗಗಳ ಲೆಕ್ಕದ್ದು. ಸ್ಟೇಜಿನ ನಡುವೆ ಇಳಿದರೂ ಮುಂದಿನ ಸ್ಟೇಜಿನವರೆಗಿನ ದುಡ್ಡು, ನಡುವೆ ಹತ್ತಿದರೆ ಹಿಂದಿನ ಸ್ಟೇಜಿನಿಂದ ದುಡ್ಡು. ಯಾವುದೋ ಕ್ರಾಸಿನಲ್ಲಿ ಇಳಿದು ಬಸ್ಸು ಬದಲಿಸಿದ್ದ ನಾನು ಒಂದೇ ದಾರಿಗೆ ಎರಡು ಸಲ ತೆತ್ತಿದ್ದೆ. ಈಗ ಎರಡು, ಹೆಚ್ಚೆಂದರೆ ಮೂರು ಬಸ್ಸು, ಬದಲಿಸುವುದು ದೊಡ್ಡ ನಿಲ್ದಾಣದಲ್ಲೇ. ಆ ಊರಿನಲ್ಲಿ ನಿಲ್ದಾಣಗಳು ಎರಡಿವೆಯೇ ಎಂದೂ ಮೊದಲೇ ಕೇಳಿಕೊಳ್ಳುತ್ತೇನೆ. ಇಳಿಯುವುದು ಒಂದರಲ್ಲಿ, ಹತ್ತುವುದು ಊರಾಚೆಯ ಇನ್ನೊಂದರಲ್ಲಿ ಎಂದಾದರೆ ಉಳಿಸಿದ್ದೆಲ್ಲ ನಡುವಿನ ಬಾಡಿಗೆ ಗಾಡಿಗೇ ಹೋಯಿತು.

ದುಡ್ಡಿನ ವಿಷಯ ಹೀಗೆ ಸರಿಹೋಯಿತು. ಹೊತ್ತಿನ ಲೆಕ್ಕ ಕಲಿಯಲು ಮಾತ್ರ ಒಂದು ರಾತ್ರಿಯೇ ಬೇಕಾಯಿತು. ಇನ್ನೊಂದು ಸಲ, ಮೂರನೆಯ ಬಸ್ಸು ಹಿಡಿಯಬೇಕಾದ ಊರು ಮುಟ್ಟುವಾಗ ಕತ್ತಲಾಗಿತ್ತು. “ಕೊನೇ ಬಸ್ಸು ಈಗ ತಾನೇ ಹೋಯ್ತಲ್ಲ. ಇನ್ನು ಬೆಳಿಗ್ಗೆ ಐದೂವರೆಗೆ,” ಎಂದರು ವಿಚಾರಣೆ ಕಿಟಕಿಯವರು. ರೂಮು ಹಿಡಿದರೆ ಉಳಿಸಿದ್ದರ ಮೂರರಷ್ಟು ಖರ್ಚು. ಚೀಲ ತಲೆಯಡಿಗಿಟ್ಟುಕೊಂಡು ಸಿಮೆಂಟು ಬೆಂಚಿನ ಮೇಲೆ ಸೊಳ್ಳೆಗಳ ಸಂಗಡ ಕಾಲ ಕಳೆದೆ. ಬೆಳಿಗ್ಗೆ ನೋಡಿದರೆ ಐದೂವರೆಯ ಬಸ್ಸು ಇಡೀ ರಾತ್ರಿ ನಿಲ್ದಾಣದ ಹಿಂಬದಿಯಲ್ಲೇ ನಿಂತಿತ್ತು, ನೈಟ್ ಹಾಲ್ಟ್ ಗಾಡಿ! ಡ್ರೈವರ್, ಕಂಡಕ್ಟರ್ ಒಳಗೆ ಹಾಯಾಗಿ ಮಲಗಿದ್ದರು. “ಬಂದು ಕೇಳಬಾರದಿತ್ತೇನ್ರೀ?” ಎಂದ ಕಂಡಕ್ಟರ್, ಟಿಕೆಟ್ ಹರಿದು ಕೊಡುತ್ತ. ಕೇಳಬೇಕೆಂದು ಗೊತ್ತಿದ್ದರಲ್ಲವೇ.

ಅಂದಿನಿಂದ ದಾರಿಯ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕುತ್ತೇನೆ. ಕೊನೆಯ ತುಂಡಿನ ಕೊನೆಯ ಬಸ್ಸು ಎಷ್ಟು ಗಂಟೆಗೆ? ಅದನ್ನು ನಂಬದೆ, ಅದಕ್ಕಿಂತ ಒಂದು ಮೊದಲಿನದಕ್ಕೆ ಮುಟ್ಟುವ ಹಾಗೆ ಹಿಂದಿನ ಬಸ್ಸು, ಅದಕ್ಕೆ ಮುಟ್ಟುವ ಹಾಗೆ ಅದರ ಹಿಂದಿನದು. ವೇಗ ಗಂಟೆಗೆ 30 ಕಿಲೋಮೀಟರು, ಘಾಟಿ ರಸ್ತೆಯಾದರೆ 20. ಆ 300 ಕಿಲೋಮೀಟರಿಗೆ ಚಕ್ರದ ಮೇಲೆ ಹತ್ತು ಗಂಟೆ, ಕಾಯುವುದಕ್ಕೆ ಇನ್ನೆರಡು. ಅಂದರೆ ಬೆಳಗಿನ ಮೊದಲ ಬಸ್ಸಿಗೇ ಹೊರಡಬೇಕು, ಬೇರೆ ದಾರಿಯಿಲ್ಲ. ನಿಲ್ದಾಣದ ಗೋಡೆಯ ವೇಳಾಪಟ್ಟಿಗಿಂತ ನಾನು ಕೂತ ಬಸ್ಸಿನ ಕಂಡಕ್ಟರನ ಮಾತಿಗೆ ಹೆಚ್ಚು ಬೆಲೆ ಕೊಡುತ್ತೇನೆ. ದಿನಾ ಅದೇ ದಾರಿಯಲ್ಲಿ ಓಡಾಡುವವರಿಗೆ ಮುಂದಿನ ಬಸ್ಸು ಎಲ್ಲಿ ಸಿಗುತ್ತದೆ, ಯಾವುದು ರಜೆಯ ದಿನ ಬರುವುದೇ ಇಲ್ಲ ಎಂಬುದೆಲ್ಲ ಬಾಯಿಪಾಠ.

ಸೀಟಿನ ವಿಷಯ. ಬಸ್ಸು ಹೊರಡುವ ಜಾಗದಲ್ಲೇ ಹತ್ತಿದರೆ ಸೀಟು ಸಿಕ್ಕೀತು, ನಡುದಾರಿಯಲ್ಲಿ ಹತ್ತಿದರೆ ಕಂಬವೇ ಗತಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಕುಲುಕಾಟ ಕಡಿಮೆ. ಕೊನೆಯ ಸಾಲು ಹಿಂದಿನ ಚಕ್ರದಾಚೆಗೆ ಚಾಚಿಕೊಂಡಿರುವುದರಿಂದ ಪ್ರತಿ ರಸ್ತೆಯುಬ್ಬಿಗೂ ಎತ್ತಿ ಒಗೆಯುತ್ತದೆ. ಹತ್ತು ಗಂಟೆ ಅಲ್ಲಿ ಕೂತು ಬಂದವನ ಸೊಂಟವನ್ನೇ ಕೇಳಿ. ಬೆಳಿಗ್ಗೆ ಉತ್ತರಕ್ಕೆ ಹೋಗುವ ಬಸ್ಸಿನಲ್ಲಿ ಬಿಸಿಲು ಬಲಕ್ಕೆ, ಮಧ್ಯಾಹ್ನ ತಿರುಗಿದ ಮೇಲೆ ಎಡಕ್ಕೆ. ಹತ್ತುವ ಮೊದಲು ದಿಕ್ಕು ನೋಡಿಕೊಂಡರೆ ಆಯಿತು. ವಾಂತಿ ಬರುವವರು ಮೊಬೈಲು ಒಳಗಿಟ್ಟು ದೂರದ ರಸ್ತೆ ನೋಡುವುದು ಒಳ್ಳೆಯದು. ಕಣ್ಣಿಗೆ ಎಲ್ಲ ನಿಂತಂತೆ ಕಂಡು ಒಳಗಿವಿಗೆ ಅಲುಗಾಟ ತಿಳಿಯುವುದರಿಂದಲೇ ಆ ಸಂಕಟ.

ಸಾಮಾನು ತೊಡೆಯ ಮೇಲೆ ಹಿಡಿಯುವಷ್ಟೇ. ಮೇಲಕ್ಕೆ ಹಾಕಿದ ಪೆಟ್ಟಿಗೆಯನ್ನು ಕೆಳಗಿಳಿಸಿಕೊಳ್ಳುವಷ್ಟರಲ್ಲಿ ಮುಂದಿನ ಬಸ್ಸು ಗೇಟು ದಾಟಿರುತ್ತದೆ.