ಬಾಣಂತನಕ್ಕೆ ಪರದೇಶಕ್ಕೆ ಹೊರಟವರ ಗಂಟು: ದಾವಣಗೆರೆಯಿಂದ ಕಸ್ಟಮ್ಸ್ ಕೌಂಟರ್‌ವರೆಗೆ

ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ದುಬೈಗೋ ಹೊರಡುವವರ ಮನೆಯಲ್ಲಿ ಮೊದಲು ತುಂಬುವುದು ತಿಂಡಿಯ ಸೂಟ್‌ಕೇಸು. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕಡಕ್ ರೊಟ್ಟಿ, ಭಟ್ಟಿಯಿಂದ ತಂದ ಮಂಡಕ್ಕಿ, ಬಾಣಂತಿಗೆ ಅಂಟಿನುಂಡೆ. ಅಮೆರಿಕಕ್ಕಾದರೆ ಇದರಲ್ಲಿ ಬಹುಪಾಲು ದಾಟುತ್ತದೆ. ಸಿಕ್ಕಿಬೀಳುವುದು ಒಂದೋ ನಿಷೇಧಿತ ವಸ್ತು, ಇಲ್ಲವೇ ಏನೆಂದು ಅಧಿಕಾರಿಗೆ ಗೊತ್ತಾಗದ ವಸ್ತು. ಎರಡನೆಯ ತೊಂದರೆಯನ್ನು ಮನೆಯಲ್ಲೇ ಸರಿಮಾಡಿಕೊಳ್ಳಬಹುದು.

ಪುಡಿಗಳನ್ನು ಅರ್ಧ ಅರ್ಧ ಕಿಲೋ ಮಾಡಿ ಒಳಗೆ ಕಾಣುವಂಥ ದಪ್ಪ ಕವರಿಗೆ ಹಾಕಿ ಸೀಲ್ ಮಾಡಿಸಿ. ಪ್ರತಿ ಕವರಿನ ಮೇಲೂ ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿ: ಶೇಂಗಾ ಪುಡಿಗೆ ‘ರೋಸ್ಟೆಡ್ ಪೀನಟ್ ಪೌಡರ್’, ಗುರೆಳ್ಳಿಗೆ ‘ರೋಸ್ಟೆಡ್ ನೈಜರ್ ಸೀಡ್ ಪೌಡರ್’, ಜೋಳದ ರೊಟ್ಟಿಗೆ ‘ಡ್ರೈ ಸೋರ್ಗಮ್ ಫ್ಲಾಟ್‌ಬ್ರೆಡ್’, ಮಂಡಕ್ಕಿಗೆ ‘ಪಫ್ಡ್ ರೈಸ್’. ‘ಹೋಮ್‌ಮೇಡ್ ಮಸಾಲಾ’ ಎಂದು ಬರೆದರೆ ಏನೂ ಹೇಳಿದಂತಾಗುವುದಿಲ್ಲ. ಒಳಗೆ ಮಾಂಸವಿದೆಯೋ ಬೀಜವಿದೆಯೋ ಎಂದು ಹುಡುಕಲು ಆ ಕವರನ್ನೇ ಮೊದಲು ಬಿಚ್ಚುತ್ತಾರೆ. ತಿಂಡಿಯನ್ನೆಲ್ಲ ಒಂದೇ ಸೂಟ್‌ಕೇಸಿನಲ್ಲಿ, ಮೇಲ್ಭಾಗದಲ್ಲಿ ಇಡಿ. ನಾಲ್ಕು ಬ್ಯಾಗಿನಲ್ಲಿ ಹಂಚಿದರೆ ನಾಲ್ಕನ್ನೂ ಬಿಚ್ಚಬೇಕಾಗುತ್ತದೆ.

ಬೇಡವೇ ಬೇಡ ಎನ್ನುವಂಥವು ಕೆಲವಿವೆ. ಒಣ ಕೊಬ್ಬರಿ ಗಿಟುಕನ್ನು ಬೆಂಗಳೂರಿನಲ್ಲೇ ತೆಗೆಸುತ್ತಾರೆ: ಅದರ ಎಣ್ಣೆಯಂಶ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು ಎಂಬ ಕಾರಣಕ್ಕೆ ಚೆಕ್-ಇನ್ ಬ್ಯಾಗಿಗೆ ಬಿಡುವುದಿಲ್ಲ. ಹಸಿ ಕರಿಬೇವು ಅಮೆರಿಕಕ್ಕೆ ನಿಷಿದ್ಧ; ಅಲ್ಲಿನ ಕಿತ್ತಳೆ-ನಿಂಬೆ ತೋಟಗಳಿಗೆ ರೋಗ ಹರಡುವ ಕೀಟ ಅದರ ಎಲೆಯಲ್ಲಿ ಹೋಗುತ್ತದೆ. ಖಾಪ್ರಾ ಎಂಬ ಉಗ್ರಾಣದ ಹುಳುವಿನ ಭಯದಿಂದ ಭಾರತದ ಅಕ್ಕಿಯನ್ನೂ ಪ್ರಯಾಣಿಕರ ಬ್ಯಾಗಿನಲ್ಲಿ ಅಮೆರಿಕಕ್ಕೆ ಬಿಡುವುದಿಲ್ಲ. ಮಾವಿನಹಣ್ಣು, ಹಿತ್ತಲಲ್ಲಿ ಹಾಕಲೆಂದು ಕಟ್ಟಿಕೊಡುವ ಅವರೆ ಬೀಜ, ಹೀರೆ ಬೀಜ ಇವೂ ಬೇಡ. ಹೋಮಕ್ಕೆಂದು ಬೆರಣಿ ಒಯ್ಯಬೇಡಿ. 2021ರಲ್ಲಿ ವಾಷಿಂಗ್ಟನ್ ಬಳಿಯ ಡಲ್ಲೆಸ್ ನಿಲ್ದಾಣದಲ್ಲಿ ಭಾರತದಿಂದ ಬಂದ ಸೂಟ್‌ಕೇಸಿನಲ್ಲಿ ಬೆರಣಿ ಸಿಕ್ಕಿ ನಾಶಮಾಡಿದ್ದರು. ಸಗಣಿಯಲ್ಲಿ ಕಾಲುಬಾಯಿ ರೋಗದ ವೈರಸ್ ಹೋಗುತ್ತದೆಂಬುದು ಅವರ ಭಯ.

ಆಸ್ಟ್ರೇಲಿಯಾ ಇದಕ್ಕಿಂತ ಬಿಗಿ. ಜೀರಿಗೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಹೆಸರುಕಾಳು, ತೊಗರಿ, ಕಡಲೆ, ಹಸಿ ಶೇಂಗಾ ಎಲ್ಲವೂ ಅದೇ ಖಾಪ್ರಾ ಪಟ್ಟಿಯಲ್ಲಿವೆ. ಕಾರ್ಖಾನೆಯಲ್ಲಿ ಹುರಿದೋ ಕರಿದೋ ಅರಳಿಸಿಯೋ ಪ್ಯಾಕ್ ಮಾಡಿದ್ದಕ್ಕೆ ಮಾತ್ರ ವಿನಾಯಿತಿ, ಅಂದರೆ ಭಟ್ಟಿಯ ಬಿಡಿ ಮಂಡಕ್ಕಿಗಿಂತ ಕಂಪನಿ ಪ್ಯಾಕೆಟ್ ವಾಸಿ. ಕಾಲುಬಾಯಿ ರೋಗವಿರುವ ದೇಶದ ಹಾಲಿನ ಪದಾರ್ಥವೂ ಅಲ್ಲಿಗೆ ಸಲ್ಲದು, ಹಾಗಾಗಿ ತುಪ್ಪದ ಅಂಟಿನುಂಡೆಯ ಆಸೆ ಬಿಡಿ. ಅಲ್ಲಿನ ಭಾರತೀಯ ಅಂಗಡಿಯಲ್ಲಿ ಅಂಟು, ಉತ್ತುತ್ತೆ ತಂದು ಮಗಳ ಮನೆಯಲ್ಲೇ ಕಟ್ಟಿದರೆ ಬಾಣಂತಿಗೂ ಬಿಸಿಬಿಸಿ ಸಿಗುತ್ತದೆ.

ದುಬೈ, ಸೌದಿ, ಸಿಂಗಾಪುರಕ್ಕೆ ಹೋಗುವವರು ಗಸಗಸೆಯನ್ನು ಮನೆಯಲ್ಲೇ ಬಿಡಲೇಬೇಕು. ನಮಗೆ ಅದು ಪಾಯಸ. ಆ ದೇಶಗಳ ಕಾನೂನಿಗೆ ಅಫೀಮು ಗಿಡದ ಬೀಜ. ಗರಂ ಮಸಾಲೆಗೆ ಗಸಗಸೆ ಹಾಕಿ ಬೀಸಿದ್ದೀರಾ ಎಂದೂ ನೆನಪಿಸಿಕೊಳ್ಳಿ. ಚನ್ನಗಿರಿ ಅಡಿಕೆ, ಎಲೆ, ತಂಬಾಕು ಹಾಕುವ ಅಭ್ಯಾಸವಿದ್ದವರ ಸಂಚಿಯೂ ದುಬೈಗೆ ಹೋಗಬಾರದು.

ಪುಡಿಯೆಲ್ಲ ಚೆಕ್-ಇನ್ ಬ್ಯಾಗಿಗೆ. ಅಮೆರಿಕದ ವಿಮಾನದಲ್ಲಿ ಕೈಚೀಲದ ಪುಡಿ 350 ಮಿಲಿಲೀಟರ್ ಅಳತೆ ಮೀರಿದರೆ ಪ್ರತ್ಯೇಕ ತಪಾಸಣೆ ಮಾಡುತ್ತಾರೆ. ಉಪ್ಪಿನಕಾಯಿ, ತುಪ್ಪವನ್ನೂ ಕೈಚೀಲದಲ್ಲಿ ಇಡಬೇಡಿ. ಪವರ್ ಬ್ಯಾಂಕ್ ಮಾತ್ರ ಉಲ್ಟಾ: ಕೈಚೀಲದಲ್ಲೇ ಇರಬೇಕು. ಇಷ್ಟಲಿಂಗದ ಕರಡಿಗೆ ಧರಿಸುವವರು ತಪಾಸಣೆಯ ಚೌಕಟ್ಟಿಗೆ ಬರುವ ಮೊದಲೇ ‘ರಿಲಿಜಿಯಸ್ ಐಟಂ’ ಎಂದು ಹೇಳಿ. ಬೆಳ್ಳಿಯಾದ್ದರಿಂದ ಯಂತ್ರ ಕೂಗಿಯೇ ಕೂಗುತ್ತದೆ. ಮೊದಲೇ ಹೇಳಿದ್ದರೆ ಪ್ರತ್ಯೇಕ ಕೋಣೆಯಲ್ಲಿ ಪರೀಕ್ಷಿಸಿ ಎಂದು ಕೇಳುವುದು ಸುಲಭ. ಮನೆಯ ಹಿರಿಯರಿಗೆ ಈ ವಾಕ್ಯವನ್ನು ಎರಡು ಸಲ ಹೇಳಿಸಿ ರೂಢಿಮಾಡಿಸಿ. ಆ ಗಾಬರಿಯಲ್ಲಿ ಮಾತೇ ಹೊರಡುವುದಿಲ್ಲ.

ಔಷಧಿಯ ವಿಷಯ ತಿಂಡಿಗಿಂತ ಮುಖ್ಯ. ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಸ್ಟ್ರಿಪ್ಪಿನಲ್ಲೇ ಒಯ್ಯಿರಿ. ವೈದ್ಯರ ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ಬರೆಸಿ, ಏಕೆಂದರೆ ‘ಡೋಲೋ’ ಎಂದರೆ ಅಲ್ಲಿ ಯಾರಿಗೂ ಗೊತ್ತಾಗದು. ನಮ್ಮ ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೋಫೆನ್. ದಮ್ಮಿನ ಪಂಪಿನ ಸಾಲ್ಬುಟಮಾಲ್ ಅಲ್ಲಿ ಆಲ್ಬ್ಯುಟೆರಾಲ್. ಅಮೆರಿಕಕ್ಕೆ ಸಾಮಾನ್ಯವಾಗಿ 90 ದಿನಗಳ ಔಷಧಿ ಒಯ್ಯಬಹುದು. ಆರು ತಿಂಗಳಿದ್ದರೆ ಉಳಿದದ್ದನ್ನು ವೈದ್ಯರ ಪತ್ರ, ವೀಸಾ, ಪಾಸ್‌ಪೋರ್ಟ್ ನಕಲಿನೊಂದಿಗೆ ಆಮೇಲೆ ಕೊರಿಯರ್ ಮಾಡಿಸಬೇಕು. ಆ ಪತ್ರವನ್ನು ಹೊರಡುವ ಮೊದಲೇ ಬರೆಸಿಡಿ. ಇನ್ಸುಲಿನ್ ಸದಾ ಕೈಚೀಲದಲ್ಲಿ, ಏಕೆಂದರೆ ಕೆಳಗಿನ ಸರಕಿನ ಕೋಣೆಯಲ್ಲಿ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಟ್ರಮಡಾಲ್, ಕೋಡೀನ್ ಇರುವ ನೋವಿನ ಮಾತ್ರೆ ಅಥವಾ ಕೆಮ್ಮಿನ ಸಿರಪ್ ದುಬೈಗೆ ಪೂರ್ವಾನುಮತಿ ಇಲ್ಲದೆ ಹೋದರೆ ಪೊಲೀಸ್ ಕೇಸ್ ಆಗಬಹುದು.

ಇನ್ನು ಕೌಂಟರ್. ‘ಆಹಾರ ಇದೆಯೇ’ ಎಂಬ ಪ್ರಶ್ನೆಗೆ ಒಂದು ಬಿಸ್ಕತ್ ಪುಡಕೆಯಿದ್ದರೂ ‘ಹೌದು’ ಎನ್ನಿ. ಹೇಳಿ ತೋರಿಸಿದ್ದು ನಿಷಿದ್ಧವಾಗಿದ್ದರೆ ವಸ್ತು ಹೋಗುತ್ತದೆ, ಅಷ್ಟೇ. ‘ಇಲ್ಲ’ ಎಂದಾದ ಮೇಲೆ ಸಿಕ್ಕಿದರೆ ಸ್ಥಳದಲ್ಲೇ ದಂಡ ಬೀಳಬಹುದು. ಭಾಷೆ ಬಾರದ ಹಿರಿಯರು ತಲೆ ಅಡ್ಡಡ್ಡ ಆಡಿಸಿ ‘ನೋ’ ಎಂದುಬಿಡುವುದೇ ಹೆಚ್ಚು. ಅದಕ್ಕೆ ತಿಂಡಿಯ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಒಂದು ಹಾಳೆಯಲ್ಲಿ ಅಚ್ಚುಹಾಕಿಸಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಟ್ಟರೆ ಅದನ್ನೇ ಚಾಚಬಹುದು. ಕುಟುಂಬದ ನಗದು ಸೇರಿ 10,000 ಡಾಲರ್ ಮೀರಿದರೆ ಅಮೆರಿಕದಲ್ಲಿ ಅದನ್ನೂ ಘೋಷಿಸಬೇಕು. ಅಷ್ಟು ನಗದಿನ ಅಗತ್ಯ ಯಾರಿಗೂ ಬೀಳುವುದಿಲ್ಲ.

ಅಮೆರಿಕಕ್ಕೆ ಇಳಿದ ಮರುದಿನವೇ ಐ-94 ಎಂಬ ಪ್ರವೇಶ ದಾಖಲೆಯನ್ನು ಆನ್‌ಲೈನಿನಲ್ಲಿ ತೆಗೆದು ವಾಪಸ್ ಹೊರಡಬೇಕಾದ ತಾರೀಖು ನೋಡಿ. ವೀಸಾ ಮೇಲೆ ಹತ್ತು ವರ್ಷ ಎಂದಿದ್ದರೂ ಲೆಕ್ಕಕ್ಕೆ ಬರುವುದು ಈ ತಾರೀಖು, ಸಾಮಾನ್ಯವಾಗಿ ಆರು ತಿಂಗಳು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ: 04/07 ಎಂದರೆ ಏಪ್ರಿಲ್ 7.

ಅಡುಗೆಮನೆಯಲ್ಲಿ ಮೊದಲ ಪೆಟ್ಟು ಮಿಕ್ಸಿಗೆ. ಅಮೆರಿಕದ ಕರೆಂಟು 120 ವೋಲ್ಟ್, ನಮ್ಮದು 230. ನಮ್ಮ ಮಿಕ್ಸಿ ಅಲ್ಲಿ ಮುಕ್ಕಿರಿಯುತ್ತದೆ, ದೋಸೆ ಹಿಟ್ಟು ರುಬ್ಬುವುದಿಲ್ಲ. 750 ವ್ಯಾಟ್ ಮಿಕ್ಸಿಗೆ ತಕ್ಕ ಟ್ರಾನ್ಸ್‌ಫಾರ್ಮರ್ ಭಾರವೂ ದುಬಾರಿಯೂ ಆಗುತ್ತದೆ. 110 ವೋಲ್ಟಿನ ಮಿಕ್ಸಿಯನ್ನು ಅಲ್ಲೇ ಕೊಳ್ಳಿ. ಮೊಬೈಲ್ ಚಾರ್ಜರಿನ ಮೇಲೆ 100–240 ಎಂದಿದ್ದರೆ ಪಿನ್ ಬದಲಿಸುವ ಅಡಾಪ್ಟರ್ ಸಾಕು. ಆಸ್ಟ್ರೇಲಿಯಾ, ಬ್ರಿಟನ್, ದುಬೈನಲ್ಲಿ ಕರೆಂಟು ನಮ್ಮದರಂತೆಯೇ, ಪಿನ್ ಮಾತ್ರ ಬೇರೆ.

ಸಕ್ಕರೆ ಕಾಯಿಲೆಯವರಿಗೆ ಒಂದು ಲೆಕ್ಕ: ಬ್ರಿಟನ್, ಆಸ್ಟ್ರೇಲಿಯಾದ ಯಂತ್ರ ತೋರಿಸುವ ಅಂಕಿಯನ್ನು 18ರಿಂದ ಗುಣಿಸಿದರೆ ನಮ್ಮ ಅಂಕಿ ಬರುತ್ತದೆ. ಅಲ್ಲಿ 10 ಎಂದರೆ ಇಲ್ಲಿನ 180. ಹತ್ತು ನೋಡಿ ಸಕ್ಕರೆ ಇಳಿದುಹೋಗಿದೆ ಎಂದು ಬೆಲ್ಲ ತಿನ್ನಬೇಡಿ.

ಊರಿನ ಸಿಮ್ಮಿಗೆ ಹೊರಡುವ ಮೊದಲೇ ರೋಮಿಂಗ್ ಹಾಕಿಸಿ, ಇಲ್ಲದಿದ್ದರೆ ಬ್ಯಾಂಕಿನ ಓಟಿಪಿ ಬರುವುದಿಲ್ಲ. ಓಟಿಪಿ ಇಲ್ಲದೆ ಬೆಸ್ಕಾಂ ಬಿಲ್ಲೂ ಕಟ್ಟಲಾಗದು. ಪಿಂಚಣಿಯವರು ನವೆಂಬರಿನ ಜೀವನ ಪ್ರಮಾಣಪತ್ರವನ್ನು ಮರೆಯಬಾರದು. ಮುಖ ತೋರಿಸಿ ಸಲ್ಲಿಸುವ ಆ್ಯಪನ್ನು ಇಲ್ಲಿದ್ದಾಗಲೇ ಫೋನಿಗೆ ಹಾಕಿಸಿ ಒಮ್ಮೆ ಕಲಿಯಿರಿ.

ಕೊನೆಗೆ ಚಿನ್ನ. ಮೈಮೇಲಿನ ಬಳೆ, ಸರ, ಗುಂಡಿನ ತಾಳಿ ವಾಪಸ್ ಬರುವಾಗ ‘ಅಲ್ಲಿ ಕೊಂಡದ್ದು’ ಎಂದಾಗಬಾರದು. ತೂಕ ಬರೆದ ರಸೀದಿ, ಫೋಟೋ ಹಿಡಿದುಕೊಂಡು ಹೊರಡುವ ದಿನವೇ ಬೆಂಗಳೂರು ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಒಡವೆಯನ್ನು ತೋರಿಸಬೇಕಾದ್ದರಿಂದ ಅದು ಕೈಯಲ್ಲೇ ಇರಲಿ, ಒಂದು ತಾಸು ಹೆಚ್ಚು ಇಟ್ಟುಕೊಳ್ಳಿ. ಹೆಣ್ಣುಮಕ್ಕಳಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಒಡವೆ ಸುಂಕವಿಲ್ಲದೆ ತರಬಹುದೆಂಬ ಮಾತು ಕೇಳಿರುತ್ತೀರಿ. ಅದು ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಬಂದವರಿಗೆ. ಆರು ತಿಂಗಳ ಬಾಣಂತನ ಮುಗಿಸಿ ಬರುವ ಅಜ್ಜಿಗೆ ಆ ರಿಯಾಯಿತಿ ಇಲ್ಲ, ಅಳಿಯ ದುಬೈನಲ್ಲಿ ಕೊಡಿಸಿದ ಸರವನ್ನು ಸುಂಕದ ವಸ್ತು ಘೋಷಿಸುವ ಕೆಂಪು ಚಾನೆಲ್‌ನಲ್ಲೇ ತೋರಿಸಬೇಕು.