ಸುಮ್ಮಸುಮ್ಮನೆ ಕೂಗುವ ಅಲಾರಂ: ತಪ್ಪು ಎಲ್ಲಿದೆ ಎಂದು ಹುಡುಕುವುದು ಹೇಗೆ?

ನೀವೇ ಸೆನ್ಸರ್ ತಂದು, ನೀವೇ ಗೋಡೆಗೆ ಕೂರಿಸಿದ ಅಲಾರಂ ನಡುರಾತ್ರಿ ಕೂಗಿದರೆ ಮೊದಲ ಸಲ ಮನೆಮಂದಿಯೆಲ್ಲ ಎದ್ದು ಬರುತ್ತಾರೆ. ಎರಡನೇ ಸಲ ಒಬ್ಬರು ಏಳುತ್ತಾರೆ. ಆಮೇಲೆ ಯಾರೂ ಏಳುವುದಿಲ್ಲ, ಒಂದು ದಿನ ಯಾರೋ ಸ್ವಿಚ್ಚನ್ನೇ ಆಫ್ ಮಾಡಿಬಿಡುತ್ತಾರೆ. ಸುಳ್ಳು ಅಲಾರಂನಿಂದ ಆಗುವ ನಿಜವಾದ ನಷ್ಟ ಇದೇ. ಕಳ್ಳ ಬಂದ ದಿನವೂ ಯಾರೂ ಅದನ್ನು ನಂಬುವುದಿಲ್ಲ.

ಇಂಥ ಹೊತ್ತಲ್ಲಿ ಹೆಚ್ಚಿನವರ ಕೈ ನೇರವಾಗಿ ಸೆನ್ಸಿಟಿವಿಟಿ ತಿರುಪಿಗೆ ಹೋಗುತ್ತದೆ. ದಯವಿಟ್ಟು ಆ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ. ಕಾರಣ ಗೊತ್ತಿಲ್ಲದೆ ಅದನ್ನು ತಗ್ಗಿಸಿದರೆ ಸುಳ್ಳು ಕೂಗಿನ ಜೊತೆ ನಿಜವಾದ ಕೂಗೂ ನಿಂತುಹೋಗಬಹುದು. ಮೊದಲು ಯಾವ ಸೆನ್ಸರ್, ಯಾವಾಗ, ಯಾಕೆ ಕೂಗಿತು ಎಂದು ತಿಳಿಯಬೇಕು.

ಮೊದಲು ಎರಡು ವಾರ ಬರೆದಿಡಿ

ಸೈರನ್ ಬಿಚ್ಚಿಡಿ. ಫೋನಿಗೆ ಮೆಸೇಜ್ ಮಾತ್ರ ಬರಲಿ. ಪ್ರತಿ ಸೆನ್ಸರ್‌ಗೂ ಬೇರೆ ಬೇರೆ ಹೆಸರು ಕೊಡಿ: ಹಾಲ್, ಹಿಂಬಾಗಿಲು, ಮೆಟ್ಟಿಲು ಹೀಗೆ. ಮೂರು ನಾಲ್ಕು ಸೆನ್ಸರ್‌ಗಳನ್ನು ಒಂದೇ ವೈರಿಗೆ ಸೇರಿಸಿದ್ದರೆ ಕೂಗಿದ್ದು ಯಾವುದು ಅಂತ ಗೊತ್ತೇ ಆಗುವುದಿಲ್ಲ. ಹಾಗಿದ್ದರೆ ಈಗಲೇ ಬೇರ್ಪಡಿಸಿ.

ಪ್ರತಿ ಸಲ ಮೆಸೇಜ್ ಬಂದಾಗ ಗಂಟೆ, ಸೆನ್ಸರ್, ಆಗ ಗಾಳಿ ಇತ್ತಾ, ಬಿಸಿಲಿತ್ತಾ, ಮನೆಯಲ್ಲಿ ಯಾರಿದ್ದರು ಎಂದು ಒಂದು ಸಾಲು ಬರೆಯಿರಿ. ದಿನಾ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದರೆ ಬಿಸಿಲಿನ ಮೇಲೆ ಅನುಮಾನ ಪಡಿ. ಗಾಳಿ ಜೋರಿದ್ದಾಗ ಬಂದರೆ ಬಾಗಿಲು, ಕಿಟಕಿ ನೋಡಿ. ಹೊತ್ತುಗೊತ್ತಿಲ್ಲದೆ ಬಂದರೆ ಬ್ಯಾಟರಿ, ವೈರು ಅಥವಾ ವೈರ್‌ಲೆಸ್ ಸಿಗ್ನಲ್ ನೋಡಿ. ಅರ್ಧ ಕೆಲಸ ಈ ಪಟ್ಟಿಯಲ್ಲೇ ಮುಗಿಯುತ್ತದೆ.

ಚಲನೆ ಗುರುತಿಸುವ ಸೆನ್ಸರ್

ತೊಂದರೆ ಕೊಡುವುದರಲ್ಲಿ ಪಿಐಆರ್ ಸೆನ್ಸರ್ ಮುಂದು. ಅದು ಮನುಷ್ಯರನ್ನು ನೋಡುವುದಿಲ್ಲ, ಶಾಖದ ಬದಲಾವಣೆಯನ್ನು ನೋಡುತ್ತದೆ. ಮುಂದಿರುವ ಬಿಳಿ ಪ್ಲಾಸ್ಟಿಕ್ ಲೆನ್ಸನ್ನು ಹತ್ತಿರದಿಂದ ನೋಡಿ, ಸಣ್ಣ ಸಣ್ಣ ಮನೆಗಳು ಕಾಣುತ್ತವೆ. ಒಂದೊಂದೂ ಕೋಣೆಯ ಒಂದೊಂದು ಪಟ್ಟಿಯನ್ನು ಕಾಯುತ್ತದೆ. ಬೆಚ್ಚಗಿನದೇನಾದರೂ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದರೆ ಸಿಗ್ನಲ್ ಹೋಗುತ್ತದೆ. ಆ ಬೆಚ್ಚಗಿನದು ಮನುಷ್ಯನೇ ಆಗಬೇಕೆಂದಿಲ್ಲ. ಬಿಸಿಲು ಬಿದ್ದು ಕಾದ ಪರದೆ ಫ್ಯಾನ್ ಗಾಳಿಗೆ ಆಡಿದರೂ ಸಾಕು. ಮೋಡ ಸರಿದು ನೆಲದ ಮೇಲೆ ಬಿಸಿಲು ಬಂದು ಹೋದರೂ ಸಾಕು. ಹೀಟರ್, ಎಸಿ ಗಾಳಿ, ಲೆನ್ಸಿನ ಮೇಲೇ ಹರಿದಾಡುವ ಜೇಡ ಎಲ್ಲವೂ ಈ ಸಾಲಿನವೇ.

ಹಾಗಾಗಿ ಕಿಟಕಿಗೆ ಎದುರಾಗಿ ಸೆನ್ಸರ್ ಇಡಬೇಡಿ. ಕಿಟಕಿ ಇರುವ ಗೋಡೆಯ ಮೂಲೆಯಲ್ಲಿ, ಕೋಣೆಯ ಒಳಗೆ ಮುಖ ಮಾಡಿ ಇಡಿ. ಎತ್ತರ 2ರಿಂದ 2.4 ಮೀಟರ್ ಇರಲಿ, ಅಥವಾ ಕೈಪಿಡಿ ಹೇಳಿದಷ್ಟು. ಬರುವವರು ಸೆನ್ಸರ್ ಮುಂದೆ ಅಡ್ಡಲಾಗಿ ದಾಟುವಂತಿರಬೇಕು. ನೇರ ಎದುರಿಗೆ ನಡೆದು ಬರುವವರನ್ನು ಅದು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ವೈರ್ ಬರುವ ತೂತನ್ನು ಮುಚ್ಚಿ, ಇಲ್ಲವಾದರೆ ಗಾಳಿಯೂ ಹುಳುವೂ ಅಲ್ಲಿಂದಲೇ ಒಳಗೆ ಬರುತ್ತವೆ.

ಸಾಕುಪ್ರಾಣಿ ಇದ್ದರೆ ‘ಪೆಟ್ ಇಮ್ಯೂನ್’ ಸೆನ್ಸರ್ ತರುತ್ತೀರಿ, ಸರಿ. ಆದರೆ ಅದು ನೆಲದ ಮೇಲೆ ಓಡಾಡುವ ಪ್ರಾಣಿಗೆ ಮಾತ್ರ. ಬೆಕ್ಕು ಸೋಫಾ ಹತ್ತಿ, ಅಲ್ಲಿಂದ ಕಪಾಟಿಗೆ ನೆಗೆದರೆ ಸೆನ್ಸರ್ ಕೂಗಿಯೇ ಕೂಗುತ್ತದೆ. ಇಂಥ ಮನೆಯಲ್ಲಿ ರಾತ್ರಿ ಒಳಗಿನ ಚಲನೆ ಸೆನ್ಸರ್ ಬಿಟ್ಟು ಬಾಗಿಲು ಕಿಟಕಿ ಮಾತ್ರ ಕಾಯುವ ಮೋಡ್ ಹಾಕುವುದೇ ವಾಸಿ.

ಪಿಐಆರ್ ಜೊತೆ ಮೈಕ್ರೋವೇವ್ (ರೇಡಿಯೋ ಅಲೆ ಬಿಟ್ಟು ಚಲನೆ ಗುರುತಿಸುವ ಭಾಗ) ಕೂಡ ಇರುವ ಸೆನ್ಸರ್‌ಗಳಿವೆ. ಎರಡೂ ಒಪ್ಪಿದರೆ ಮಾತ್ರ ಕೂಗುತ್ತವೆ. ಬಿಸಿಲು ಕಾಟ ಕೊಡುವ ಕೋಣೆಗೆ ಒಳ್ಳೆಯದು. ಆದರೆ ಮೈಕ್ರೋವೇವ್ ಗಾಜು, ತೆಳು ಗೋಡೆ ದಾಟಿ ಆಚೆಯ ಓಡಾಟವನ್ನೂ ನೋಡುತ್ತದೆ. ಅದರ ದೂರವನ್ನು ಕೋಣೆಗೆ ತಕ್ಕಷ್ಟೇ ಹೊಂದಿಸಿ.

ಬಾಗಿಲಿನ ಮ್ಯಾಗ್ನೆಟ್

ಬಾಗಿಲು ಸೆನ್ಸರ್‌ನಲ್ಲಿ ಇರುವುದು ಒಂದು ಮ್ಯಾಗ್ನೆಟ್, ಅದು ಹತ್ತಿರ ಇದೆಯೋ ಇಲ್ಲವೋ ಎಂದು ಗುರುತಿಸುವ ಒಂದು ರೀಡ್ ಸ್ವಿಚ್. ಅವೆರಡರ ನಡುವೆ ಅಂತರ ಜಾಸ್ತಿಯಾದರೆ ಬಾಗಿಲು ತೆರೆದಂತೆ ಲೆಕ್ಕ. ಬಾಗಿಲು ಹಾಕಿ, ಹಿಡಿಕೆ ಹಿಡಿದು ಅಲುಗಾಡಿಸಿ. ಆಗಲೇ ಮೆಸೇಜ್ ಬಂದರೆ ಕಾರಣ ಸಿಕ್ಕಿತು. ಸಡಿಲವಾದ ಹಿಂಜ್ ಬಿಗಿ ಮಾಡಿ, ಮ್ಯಾಗ್ನೆಟ್ ಹತ್ತಿರ ತನ್ನಿ. ಮರದ ಬಾಗಿಲು ತೇವಕ್ಕೆ ಉಬ್ಬಿ ಪೂರ್ತಿ ಕೂರದಿದ್ದರೂ ಇದೇ ತೊಂದರೆ. ಕಬ್ಬಿಣದ ಬಾಗಿಲು ಮ್ಯಾಗ್ನೆಟ್ಟಿನ ಬಲ ಕುಗ್ಗಿಸುತ್ತದೆ, ಅದರ ಕೆಳಗೆ ಪ್ಲಾಸ್ಟಿಕ್ ತುಂಡು ಕೊಟ್ಟು ಕೂರಿಸಿ.

ಬೋರ್ಡ್ ನೀವೇ ಕಟ್ಟಿದ್ದರೆ

ಎಚ್‌ಸಿ-ಎಸ್‌ಆರ್501 ಎಂಬ ಅಗ್ಗದ ಪಿಐಆರ್ ಬೋರ್ಡ್ ತುಂಬಾ ಜನ ಬಳಸುತ್ತಾರೆ. ಕರೆಂಟ್ ಕೊಟ್ಟ ಮೇಲೆ ಅದು ಸ್ಥಿರವಾಗಲು ಸುಮಾರು ಒಂದು ನಿಮಿಷ ಬೇಕು. ಆ ನಡುವೆ ಸುಳ್ಳು ಸಿಗ್ನಲ್ ಬರುತ್ತದೆ. ಮೊದಲ 60 ಸೆಕೆಂಡು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಕೋಡ್ ಬರೆಯಿರಿ. ವೈಫೈ ಬೋರ್ಡಿನ ಆಂಟೆನಾಕ್ಕೆ ಅಂಟಿಸಿದ ಹಾಗೆ ಇಟ್ಟರೂ ಅದು ಬೆದರುತ್ತದೆ. ವೈರ್ ಹಾಕಿ ಒಂದಿಷ್ಟು ದೂರ ಇಡಿ.

ಬಾಗಿಲಿನಿಂದ ಬರುವ ಉದ್ದನೆಯ ವೈರ್ ಆಂಟೆನಾದಂತೆ ಕೆಲಸ ಮಾಡಿ ಸುತ್ತಲಿನ ಗದ್ದಲವನ್ನೆಲ್ಲ ಹೊತ್ತು ತರುತ್ತದೆ. ಕೋಡ್ ಓಡಿಸುವ ಚಿಪ್, ಅಂದರೆ ಮೈಕ್ರೋಕಂಟ್ರೋಲರ್ ಒಳಗಿನ ಪುಲ್-ಅಪ್ (ಸಿಗ್ನಲ್ ವೈರನ್ನು ಪ್ಲಸ್ ವೋಲ್ಟೇಜಿಗೆ ಎಳೆದು ಹಿಡಿಯುವ ರೆಸಿಸ್ಟರ್) ಇದಕ್ಕೆ ಸಾಲದು. ಹೊರಗಿನಿಂದ 4.7 ಕಿಲೋಓಮ್ ರೆಸಿಸ್ಟರ್ ಹಾಕಿ, ಬಾಗಿಲಿನ ವೈರನ್ನು ಮನೆಯ ಕರೆಂಟ್ ವೈರಿನ ಜೊತೆಜೊತೆಗೆ ಎಳೆಯಬೇಡಿ. ಬಾಗಿಲು ಅರ್ಧ ಸೆಕೆಂಡಾದರೂ ತೆರೆದೇ ಇದ್ದರೆ ಮಾತ್ರ ಲೆಕ್ಕ ಎಂದು ಕೋಡ್‌ನಲ್ಲಿ ಸೇರಿಸಿ. ಒಳಗೆ ಬರುವವರಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕೇ ಬೇಕು. ಗಾಳಿಗೆ ಕ್ಷಣ ಕದಲುವ ಬಾಗಿಲು ಮಾತ್ರ ಇದರಲ್ಲಿ ಸೋಸಿಹೋಗುತ್ತದೆ.

ಜಿಗ್‌ಬಿ (ಸಣ್ಣ ಸೆನ್ಸರ್‌ಗಳು ಬಳಸುವ ವೈರ್‌ಲೆಸ್ ಪದ್ಧತಿ) ಸೆನ್ಸರ್‌ಗಳು ಪದೇ ಪದೇ ಸಂಪರ್ಕ ಕಳೆದುಕೊಳ್ಳುತ್ತಿದ್ದರೆ ಬ್ಯಾಟರಿ ನೋಡಿ. ಅದು ಸರಿಯಿದ್ದರೆ ಚಾನೆಲ್ ನೋಡಿ. ಜಿಗ್‌ಬಿಯೂ ವೈಫೈನಂತೆ 2.4 ಗಿಗಾಹರ್ಟ್ಸ್‌ನಲ್ಲೇ ಓಡುವುದು. ವೈಫೈಯನ್ನು 1ನೇ ಚಾನೆಲ್‌ಗೆ, ಜಿಗ್‌ಬಿಯನ್ನು 25ಕ್ಕೆ ಇಟ್ಟರೆ ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಕ್ಯಾಮೆರಾ ಬಗ್ಗೆ ಎರಡೇ ಮಾತು. ರಸ್ತೆ, ಮರ ಕಾಣುವ ಭಾಗವನ್ನು ಸೆಟ್ಟಿಂಗ್‌ನಲ್ಲಿ ಮುಚ್ಚಿ. ರಾತ್ರಿಯ ಇನ್‌ಫ್ರಾರೆಡ್ ಬೆಳಕಿಗೆ ಲೆನ್ಸ್ ಮುಂದಿನ ಜೇಡರ ಬಲೆ ಫಳಫಳ ಹೊಳೆಯುತ್ತದೆ, ಆಗಾಗ ಒರೆಸಿ.

ಇನ್ನು ನಿಯಮ, ಆಮೇಲೆ ಸೈರನ್

ಸೆನ್ಸರ್‌ಗಳು ಸರಿಯಾದ ಮೇಲೂ ಮನೆಯವರ ಅವಸರದಿಂದ ಅಲಾರಂ ಕೂಗುತ್ತದೆ. ಹೊರಗೆ ಹೋಗಲು 60 ಸೆಕೆಂಡು, ಒಳಗೆ ಬಂದು ಕೋಡ್ ಒತ್ತಲು ಕನಿಷ್ಠ 30 ಸೆಕೆಂಡು ಸಮಯ ಕೊಡಿ. ವಯಸ್ಸಾದವರು ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಮನೆಯ ಪ್ರತಿಯೊಬ್ಬರ ಕೈಲೂ ಒಮ್ಮೆ ಆನ್, ಆಫ್ ಮಾಡಿಸಿ. ಅನುಮಾನ ಇರುವ ಚಲನೆ ಸೆನ್ಸರ್ ಒಂದೇ ಕೂಗಿದರೆ ಫೋನಿಗೆ ಮೆಸೇಜ್ ಸಾಕು. ಅದರ ಜೊತೆ ಒಂದು ನಿಮಿಷದೊಳಗೆ ಇನ್ನೊಂದು ಸೆನ್ಸರ್ ಕೂಡ ಹೇಳಿದರೆ ಸೈರನ್. ಬಾಗಿಲು, ಕಿಟಕಿಗೆ ಈ ರಿಯಾಯಿತಿ ಬೇಡ. ಬ್ಯಾಟರಿ ಕಡಿಮೆಯಾದರೆ, ಸೆನ್ಸರ್ ಸಂಪರ್ಕ ತಪ್ಪಿದರೆ ಬೇರೆ ಮೆಸೇಜ್ ಬರಲಿ, ಅದನ್ನು ಅಂದೇ ನೋಡಿ.

ಇಷ್ಟಾದ ಮೇಲೂ ಒಂದು ಸೆನ್ಸರ್ ಹಟ ಹಿಡಿದರೆ, ಈಗ ಸೆನ್ಸಿಟಿವಿಟಿ ಒಂದು ಹಂತ ಇಳಿಸಿ. ಇಳಿಸಿದ ತಕ್ಷಣ ನಡೆದು ಪರೀಕ್ಷೆ ಮಾಡಿ. ಕಳ್ಳ ಬರಬಹುದಾದ ಪ್ರತಿ ದಾರಿಯಲ್ಲೂ ನಿಧಾನಕ್ಕೆ ಒಮ್ಮೆ, ಬೇಗ ಒಮ್ಮೆ, ಬಗ್ಗಿಕೊಂಡು ಒಮ್ಮೆ ನಡೆಯಿರಿ. ಮೂರು ಸಲವೂ ಮೆಸೇಜ್ ಬರಬೇಕು. ಬಂದರೆ, ಮತ್ತೆ ಒಂದು ವಾರ ಸುಳ್ಳು ಮೆಸೇಜ್ ಇಲ್ಲದೆ ಕಳೆದರೆ ಸೈರನ್ ಜೋಡಿಸಿ. ಸೋಫಾ, ಕಪಾಟಿನ ಜಾಗ ಬದಲಿಸಿದಾಗಲೆಲ್ಲ ಈ ನಡಿಗೆ ಮತ್ತೆ ಮಾಡಬೇಕು.